ಮುಂದೆ ಹತ್ತು, ಬಲಕ್ಕೆ ಮೂರು

ಹೋದ ತಿಂಗಳು ಒಬ್ಬ ಹುಡುಗ ಮೆಸೇಜ್ ಮಾಡಿದ್ದ. "ಸರ್, ನಂಗೆ ರೆಸ್ಕ್ಯೂ ಹೆಲಿಕಾಪ್ಟರ್ ಪೈಲಟ್ ಆಗ್ಬೇಕು. ಏನು ಓದ್ಬೇಕು?" ಇಂಥ ಮೆಸೇಜ್ ಬಂದರೆ ನನಗೆ ಖುಷಿಯೇ. ಕೂಡಲೇ ಉದ್ದುದ್ದ ಉತ್ತರ ಬರೆದೆ. ಗಣಿತ, ಭೌತಶಾಸ್ತ್ರ ಬಿಡಬೇಡ. ಫೀಸು ಕಟ್ಟುವ ಮೊದಲೇ ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್‌ಗಳ ಆರೋಗ್ಯ ಪರೀಕ್ಷೆ, ಮಾಡಿಸಿಕೋ, ದುಡ್ಡೆಲ್ಲ ಸುರಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಫೇಲಾಗಿ ಕೂತವರನ್ನು ನೋಡಿದ್ದೇನೆ. ಮೊದಲು ಪ್ರೈವೇಟ್ ಲೈಸೆನ್ಸ್, ಆಮೇಲೆ ಕಮರ್ಷಿಯಲ್, ಆಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಾಗ ಮೀಟರ್ ನೋಡಿಯೇ ಹಾರಿಸುವ ಅರ್ಹತೆ). ಹೀಗೆ ಒಂದರ ಕೆಳಗೊಂದು ಪಟ್ಟಿ ಮಾಡಿ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಅಲ್ಲಿಗೆ ಮುಗೀಬೇಕಿತ್ತು. ಆದರೆ ಅವತ್ತಿಂದ ಏನೋ ಕೊರೆಯುತ್ತಾ ಇದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈಜು ಕಲಿಯೋದು ಹೇಗೆ ಅಂತ ಕೇಳಿದವನಿಗೆ ಕೆರೆಗೆ ಹೋಗುವ ದಾರಿ ಹೇಳಿ ಕಳಿಸಿದ ಹಾಗಾಯ್ತು, ಅಷ್ಟೇ.

ಅದಕ್ಕೇ ಈ ಬರಹ. ಆ ಪಟ್ಟಿಯಲ್ಲಿ ಇಲ್ಲದಿದ್ದದ್ದು ಏನು ಅಂತ ನನಗೇ ಸ್ಪಷ್ಟ ಮಾಡಿಕೊಳ್ಳಬೇಕಿದೆ.

ಗಂಟೆಗಳು

ಮೊದಲು ಪಟ್ಟಿಯನ್ನೇ ಬೇಗ ಮುಗಿಸಿಬಿಡೋಣ. ಹೆಲಿಕಾಪ್ಟರ್ ಲೋಕದಲ್ಲಿ ಮನುಷ್ಯನ ವಯಸ್ಸು ವರ್ಷದಲ್ಲಿ ಇಲ್ಲ, ಹಾರಿಸಿದ ಗಂಟೆಯಲ್ಲಿದೆ. ಬಹಳಷ್ಟು ಕಡೆ ಪ್ರೈವೇಟ್ ಲೈಸೆನ್ಸಿಗೆ ಕನಿಷ್ಠ 40ರಿಂದ 45 ಗಂಟೆ, ಕಮರ್ಷಿಯಲ್‌ಗೆ 150ರ ಆಸುಪಾಸು, ಅದಕ್ಕೂ ಮೇಲಿನ ಲೈಸೆನ್ಸಿಗೆ ಸಾವಿರ ಅಥವಾ ಜಾಸ್ತಿ. 150 ಗಂಟೆ ಇಟ್ಟುಕೊಂಡು ರಕ್ಷಣಾ ಕೆಲಸ ಕೇಳಿದರೆ ಯಾರೂ ಒಳಗೆ ಬಿಡುವುದಿಲ್ಲ. ಇರುವುದು ಎರಡು ದಾರಿ. ಸೇನೆ ಅಥವಾ ಕರಾವಳಿ ಕಾವಲು ಪಡೆ ಸೇರಿದರೆ ಅವರ ಖರ್ಚಿನಲ್ಲೇ ಕಲಿಸುತ್ತಾರೆ, ಬದಲಿಗೆ ನಿಮ್ಮ ವರ್ಷಗಳನ್ನು ತಗೊಳ್ಳುತ್ತಾರೆ. ಇನ್ನೊಂದು, ಕೈಯಿಂದ ದುಡ್ಡು ಹಾಕಿ ಕಲಿತು, ಆಮೇಲೆ ಇನ್ನೊಬ್ಬರಿಗೆ ಕಲಿಸುತ್ತಾ ಗಂಟೆ ಕೂಡಿಸುವುದು. ಅಲ್ಲಿಂದ ಸಮುದ್ರದ ನಡುವಿನ ಎಣ್ಣೆ ಬಾವಿಗಳಿಗೆ ಜನರನ್ನು ಸಾಗಿಸುವ ಕೆಲಸ. ಅಲ್ಲಿಂದ, ಅದೃಷ್ಟ ಇದ್ದರೆ, ರಕ್ಷಣಾ ಹೆಲಿಕಾಪ್ಟರಿನ ಕೋ-ಪೈಲಟ್ ಸೀಟು. ನಾನು ಬಂದದ್ದು ಎರಡನೇ ದಾರಿಯಲ್ಲಿ. ತಡವಾಗಿಯೇ ಬಂದೆ.

ಶುರುವಾಗುವುದು ಬಹುತೇಕ ಎಲ್ಲರದ್ದೂ ಒಂದು ಪುಟ್ಟ ಎರಡು ಸೀಟಿನ ಯಂತ್ರದಲ್ಲಿ. ನನ್ನದು ರಾಬಿನ್ಸನ್ ಆರ್22. ಅದರೊಳಗೆ ಇಬ್ಬರು ಕೂತರೆ ಭುಜಕ್ಕೆ ಭುಜ ಉಜ್ಜುತ್ತದೆ. ಇಂಜಿನ್ ನಿಂತರೆ ಎಡಗೈಯಲ್ಲಿರುವ ಕಲೆಕ್ಟಿವ್ (ಯಂತ್ರವನ್ನು ಏರಿಸಿ ಇಳಿಸುವ ಹಿಡಿ) ಕೆಳಗೆ ತಳ್ಳೋಕೆ ಸಿಗುವುದು ಒಂದು ಸೆಕೆಂಡಿನ ಆಸುಪಾಸು. ಹಾಗೆ ಮಾಡಿದರೆ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತಿರುತ್ತದೆ, ಇಂಜಿನ್ ಇಲ್ಲದೆಯೂ ಮೆತ್ತಗೆ ಇಳಿಯಬಹುದು. ಮಾಡದಿದ್ದರೆ ರೆಕ್ಕೆಯ ವೇಗ ಸತ್ತುಹೋಗುತ್ತದೆ, ಮತ್ತೆ ಬದುಕುವುದಿಲ್ಲ. ಇದು ಕೈಗೆ ಹತ್ತುವವರೆಗೆ ಮಾಡಿಸಿದರು.

ನನ್ನನ್ನು ನಿಜಕ್ಕೂ ಅಳಿಸಿದ್ದು ಹೋವರ್. ಹೆಲಿಕಾಪ್ಟರ್ ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಲ್ಲುವುದು. ನೋಡೋರಿಗೆ ಏನೂ ಮಾಡುತ್ತಿಲ್ಲ ಅನಿಸುತ್ತದೆ. ಒಳಗೆ ಎರಡು ಕೈ, ಎರಡು ಕಾಲು ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ಕಲೆಕ್ಟಿವ್ ಸ್ವಲ್ಪ ಎತ್ತಿದಿರಿ ಅಂದರೆ ಮೂತಿ ಒಂದು ಕಡೆ ತಿರುಗುತ್ತದೆ. ಅದಕ್ಕೆ ಪೆಡಲ್ ಒತ್ತಿದರೆ ಇಡೀ ಯಂತ್ರ ಪಕ್ಕಕ್ಕೆ ಜಾರುತ್ತದೆ. ಜಾರುವುದನ್ನು ಬಲಗೈಯ ಸೈಕ್ಲಿಕ್‌ನಿಂದ (ಯಂತ್ರವನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಕೋಲು) ತಡೆದರೆ ಎತ್ತರ ಕಮ್ಮಿಯಾಗುತ್ತದೆ. ಮತ್ತೆ ಕಲೆಕ್ಟಿವ್. ಮೊದಲ ಕೆಲವು ದಿನ ನನಗೆ ಒಂದು ಇಡೀ ಮೈದಾನ ಸಾಲುತ್ತಿರಲಿಲ್ಲ. ಇನ್‌ಸ್ಟ್ರಕ್ಟರ್ ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. ಒಂದು ದಿನ ಹೇಳಿದರು: "ನೀನು ಮೂಗಿನ ಮುಂದಿನ ಹುಲ್ಲು ನೋಡ್ತಾ ಇದೀಯ. ಹುಲ್ಲು ಅಲ್ಲಾಡಿದಾಗೆಲ್ಲ ನೀನೂ ಅಲ್ಲಾಡ್ತೀಯ. ದೂರ ನೋಡು." ದೂರದ ಒಂದು ಮರದ ಮೇಲೆ ಕಣ್ಣಿಟ್ಟೆ. ಯಂತ್ರ ನಿಂತಿತು. ಎಷ್ಟು ಹೊತ್ತು? ನಾಲ್ಕು ಸೆಕೆಂಡ್ ಇರಬಹುದು.

ಆ ಮಾತು ಹೋವರ್‌ಗೆ ಮಾತ್ರ ಹೇಳಿದ್ದು ಅಂದುಕೊಂಡಿದ್ದೆ.

ತಲೆಕೆಳಗಾಗಿ ಒಂದು ಪಾಠ

ನೀರಿನ ಮೇಲೆ ಹಾರುವ ಕೆಲಸಕ್ಕೆ ಸೇರುವ ಮೊದಲು ಮುಳುಗಿದ ಹೆಲಿಕಾಪ್ಟರಿನಿಂದ ಹೊರಗೆ ಬರುವ ತರಬೇತಿ ಇರುತ್ತದೆ. ಹೆಲಿಕಾಪ್ಟರಿನ ಭಾರವೆಲ್ಲ ಮೇಲಿದೆ. ಇಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ತಲೆಯ ಮೇಲೆ. ಹಾಗಾಗಿ ನೀರಿಗೆ ಬಿದ್ದರೆ ಅದು ಮಗುಚಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ತರಬೇತಿಗೆ ಒಂದು ಈಜುಕೊಳ. ಅದರ ಮೇಲೆ ಕ್ರೇನ್‌ಗೆ ತೂಗುಹಾಕಿದ ಒಂದು ಸುಳ್ಳು ಕ್ಯಾಬಿನ್. ಅದರಲ್ಲಿ ನಿಮ್ಮನ್ನು ಕೂರಿಸಿ, ಬೆಲ್ಟ್ ಬಿಗಿದು, ನೀರಿಗಿಳಿಸಿ, ಪೂರ್ತಿ ತಲೆಕೆಳಗೆ ಮಾಡುತ್ತಾರೆ. ನೀವು ಹೊರಗೆ ಬರಬೇಕು.

ನಿಯಮ ಚಿಕ್ಕದು. ಒಂದು ಕೈ ಕಿಟಕಿಯ ಅಂಚಿನ ಮೇಲೆ. ಅಲುಗಾಟ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕಿಟಕಿಯನ್ನು ಹೊರಗೆ ತಳ್ಳಿ. ಅಂಚನ್ನು ಹಿಡಿದುಕೊಳ್ಳಿ. ಕಡೆಗೆ, ಎಲ್ಲಕ್ಕಿಂತ ಕಡೆಗೆ, ಬೆಲ್ಟ್ ಬಿಚ್ಚಿ. ಹಿಡಿದ ಕೈ ಬಿಡದೆ ಮೈಯನ್ನು ಎಳೆದುಕೊಂಡು ಹೊರಗೆ ಬನ್ನಿ. ಕಾಲು ಬಡಿಯಬೇಡಿ, ಹಿಂದೆ ಬರುವವನ ಮುಖಕ್ಕೆ ಬೀಳುತ್ತದೆ. ದಡದ ಮೇಲೆ ನಿಂತು ಇದನ್ನು ನಾನು ಗಿಳಿಪಾಠದ ಥರ ಒಪ್ಪಿಸಿದೆ. ಮೊದಲ ಸಲ ಸರಿಯಾಗಿಯೇ ಬಂದೆ. ಎರಡನೇ ಸಲ ಕಣ್ಣಿಗೆ ಕಪ್ಪು ಬಳಿದ ಕನ್ನಡಕ ಹಾಕಿದರು, ರಾತ್ರಿ ಅಂತ ಅಂದುಕೋ ಅಂದರು.

ತಲೆಕೆಳಗಾದ ಕೂಡಲೇ ಮೂಗಿನೊಳಗೆ ನೀರು ನುಗ್ಗಿತು. ಅದು ನೋವಲ್ಲ, ಒಂಥರಾ ಸಿಟ್ಟು. ಮೈಯಲ್ಲಿರುವ ಎಲ್ಲವೂ ಒಂದೇ ಮಾತು ಹೇಳಿತು: ಕಟ್ಟಿ ಹಾಕಿದ್ದಾರೆ, ಬಿಚ್ಚು. ಬಿಚ್ಚಿದೆ. ಬಿಚ್ಚಿದ್ದೇ ತಡ, ಮೈ ತೇಲಿಕೊಂಡು ಮೇಲಕ್ಕೆ ಹೋಯಿತು. ಅಲ್ಲಿ ಕ್ಯಾಬಿನ್ನಿನ ನೆಲ ಇತ್ತು, ನನ್ನ ತಲೆಗೆ ಸೂರು ಆಗಿ. ಕಿಟಕಿ ಎಲ್ಲಿ? ನನ್ನ ಬಲಕ್ಕಿತ್ತು. ಈಗ ಯಾವುದು ಬಲ? ಕೈ ಚಾಚಿದರೆ ಏನೋ ಸಿಕ್ಕಿತು, ಅದು ಸೀಟಿನ ಕಾಲು. ಕಿಟಕಿ ಸಿಕ್ಕಿದ್ದರೂ ತಳ್ಳೋಕೆ ಆಗುತ್ತಿರಲಿಲ್ಲ. ಬೆಲ್ಟ್ ಇಲ್ಲದ ಮೈ ತಳ್ಳಿದಷ್ಟೂ ಹಿಂದಕ್ಕೇ ತೇಲುತ್ತದೆ. ಅಷ್ಟರಲ್ಲಿ ಒಳಗೇ ಕಾಯುತ್ತಿದ್ದ ಡೈವರ್ ತೋಳು ಹಿಡಿದು ಎಳೆದುಕೊಂಡು ಹೋದರು.

ಕೊಳದ ಅಂಚಿನಲ್ಲಿ ಕೆಮ್ಮುತ್ತಾ ಕೂತಿದ್ದೆ. ಕಲಿಸುವವರು ಬಂದು ಪಕ್ಕದಲ್ಲಿ ಕೂತರು. ಬಯ್ಯಲಿಲ್ಲ. "ಯಾವ ಕೈ ಮೊದಲು ಬಿಟ್ಟೆ?" ಅಂತ ಕೇಳಿದರು. ನನಗೆ ನೆನಪಿರಲಿಲ್ಲ. "ಕಟ್ಟಿ ಹಾಕಿದ್ದೇ ನಿನ್ನನ್ನ ಉಳಿಸೋದು. ಅದು ನಿನ್ನ ಕೈಗೆ ಇನ್ನೂ ಗೊತ್ತಿಲ್ಲ. ಬಾ, ಇನ್ನೊಂದ್ಸಲ," ಅಂದರು. ಅವತ್ತು ಇನ್ನೂ ನಾಲ್ಕು ಸಲ ಮುಳುಗಿದೆ. ಕಡೆಯ ಸಲ, ಕಪ್ಪು ಕನ್ನಡಕದೊಳಗೆ, ಅಲುಗಾಟ ನಿಲ್ಲುವುದನ್ನು ಕಾಯುತ್ತಾ ತಲೆಕೆಳಗೆ ಸುಮ್ನೆ ನೇತಾಡಿಕೊಂಡಿದ್ದೆ. ಆ ಸುಮ್ಮನಿರುವಿಕೆ ಎಷ್ಟು ವಿಚಿತ್ರ ಅಂದರೆ, ಇವತ್ತಿಗೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದಾಗ ನನ್ನ ಬಲಗೈ ತಾನಾಗಿ ಪಕ್ಕದ ಅಂಚು ಹುಡುಕುತ್ತದೆ.

ಮೋಡದೊಳಗೆ ಹಾರುವುದನ್ನು ಕಲಿಸುವಾಗಲೂ ಇದೇ ಕತೆ, ಅಲ್ಲಿ ಮೋಸ ಮಾಡುವುದು ಕಿವಿ. ಒಳಗಿವಿಯಲ್ಲಿರುವ ದ್ರವ ನಿಧಾನವಾದ ವಾಲುವಿಕೆಯನ್ನು ಗುರುತಿಸುವುದೇ ಇಲ್ಲ. ಯಂತ್ರ ವಾಲಿಕೊಂಡು ಹೋಗುತ್ತಿದ್ದರೂ ನೆಟ್ಟಗಿದ್ದೇನೆ ಅನಿಸುತ್ತದೆ. ಮೀಟರ್ ನೋಡಿ ಸರಿ ಮಾಡಿದರೆ ಈಗ ವಾಲಿದ್ದೇನೆ ಅನಿಸುತ್ತದೆ. ಮೀಟರ್ ನಂಬಬೇಕು, ಮೈಯನ್ನು ನಂಬಬಾರದು. ಹೇಳೋದು ಸುಲಭ. ಮೈ ಹುಟ್ಟಿದಾಗಿಂದ ಜೊತೆಗಿದೆ, ಮೀಟರ್ ಪರಿಚಯ ಆಗಿ ಆರು ತಿಂಗಳು.

ನನಗೆ ಕಾಣದ ಮನುಷ್ಯ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹೊರಗಿನವರಿಗೆ ಇದು ಗೊತ್ತಿರುವುದು ಕಮ್ಮಿ: ರಕ್ಷಣೆ ನಡೆಯುವ ಹೊತ್ತಿನಲ್ಲಿ, ಕೆಳಗೆ ನೀರಿನಲ್ಲಿರುವ ಮನುಷ್ಯ ಪೈಲಟ್‌ಗೆ ಕಾಣುವುದಿಲ್ಲ.

ಯೋಚಿಸಿ ನೋಡಿ. ಹೆಲಿಕಾಪ್ಟರ್ ಅವನ ನೆತ್ತಿಯ ಮೇಲೆ ನಿಲ್ಲಬೇಕು. ನಾನು ಕೂತಿರುವುದು ಮುಂದೆ. ಹಗ್ಗ ಇಳಿಯುವುದು ನನ್ನ ಹಿಂದಿನ ಬಾಗಿಲಿನಿಂದ. ಹತ್ತಿರ ಹೋದಷ್ಟೂ ಅವನು ನನ್ನ ಕಾಲಡಿಗೆ ಸರಿದು, ಹಿಂದಕ್ಕೆ ಹೋಗಿ ಮಾಯವಾಗುತ್ತಾನೆ. (ಹೆಲಿಕಾಪ್ಟರಿನಲ್ಲಿ ಮುಖ್ಯ ಪೈಲಟ್ ಸಾಮಾನ್ಯವಾಗಿ ಬಲಗಡೆ ಕೂರುತ್ತಾನೆ, ವಿಮಾನದಲ್ಲಿ ಎಡಗಡೆ. ಕೇಬಲ್ ಇಳಿಸಿ ಎತ್ತುವ ಯಂತ್ರ, ಅಂದರೆ ವಿಂಚ್, ಕೂಡ ಹೆಚ್ಚಾಗಿ ಬಲಗಡೆಯ ಬಾಗಿಲ ಮೇಲೇ ಇರುತ್ತದೆ. ಅಷ್ಟಿದ್ದೂ ಕಡೆಯ ಕೆಲವು ಮೀಟರ್ ಕಾಣುವುದಿಲ್ಲ.) ಬಾಗಿಲಲ್ಲಿ ಬಗ್ಗಿ ಕೂತು ಕೆಳಗೆ ನೋಡುವವರು ವಿಂಚ್ ಆಪರೇಟರ್. ಕೇಬಲ್ಲಿನ ತುದಿಯಲ್ಲಿ ಇಳಿಯುವವರು ವಿಂಚ್‌ಮನ್. ಪೈಲಟ್‌ಗೆ ಸಿಗುವುದು ಹೆಡ್‌ಸೆಟ್‌ನಲ್ಲಿ ಒಂದು ದನಿ. "ಮುಂದೆ ಹತ್ತು... ಎಂಟು... ಆರು, ಬಲಕ್ಕೆ ಮೂರು... ನಾಲ್ಕು, ಬಲಕ್ಕೆ ಒಂದು... ಮೂರು, ಎರಡು, ಒಂದು, ನಿಲ್ಲು." ಗಾಡಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತವರು "ಬರ್ಲಿ ಬರ್ಲಿ" ಅನ್ನುತ್ತಾರಲ್ಲ, ಹಾಗೆಯೇ. ಆದರೆ ಗಾಡಿಯ ಹಿಂದಿನ ಗೋಡೆಯೇ ಏರಿಳಿಯುತ್ತಾ ಪಕ್ಕಕ್ಕೆ ಓಡುತ್ತಿದ್ದರೆ ಹೇಗಿರುತ್ತೋ ಹಾಗೆ.

ನನಗೆ ಆ ಪಾಠ ಕಲಿಸಿದವರು ಇಪ್ಪತ್ತು ವರ್ಷ ಬಾಗಿಲಲ್ಲೇ ಕಳೆದ ಒಬ್ಬ ಆಪರೇಟರ್. ಮಾತು ಕಮ್ಮಿ. ನೆಲದ ಮೇಲಿದ್ದಾಗ ಎರಡು ಶಬ್ದಕ್ಕೆ ಒಂದು ಬಳಸುವ ಮನುಷ್ಯ. ಆ ದಿನ ಒಂದು ಸಣ್ಣ ದೋಣಿಯ ಮೇಲೆ ಅಭ್ಯಾಸ. ಗಾಳಿ ಜೋರಾಗಿತ್ತು. ಸಮುದ್ರದ ಮೇಲೆ ಹೋವರ್ ಮಾಡುವುದು ನೆಲದ ಮೇಲಿನಂತಲ್ಲ. ಕಣ್ಣಿಡೋಕೆ ಮರ ಇಲ್ಲ, ಕಲ್ಲಿಲ್ಲ. ರೋಟರಿನ ಗಾಳಿ ನೀರಿಗೆ ಬಡಿದು ಸುತ್ತಲೂ ಉಂಗುರ ಉಂಗುರವಾಗಿ ತೆರೆ ಹೊರಗೆ ಓಡುತ್ತಿರುತ್ತದೆ. ಅದನ್ನು ನೋಡಿದರೆ ನಾವೇ ಹಿಂದಕ್ಕೆ ಹೋಗುತ್ತಿದ್ದೇವೆ ಅನಿಸುತ್ತದೆ. ಕಣ್ಣಿನ ಮಾತು ಕೇಳಿ ಮುಂದಕ್ಕೆ ತಳ್ಳಿದರೆ ನಿಜವಾಗಿಯೂ ಮುಂದಕ್ಕೆ ಹೋಗುತ್ತೀರಿ, ಕೇಬಲ್ಲಿನ ತುದಿಯ ಮನುಷ್ಯನನ್ನೂ ಎಳೆದುಕೊಂಡು.

ಎರಡು ಸಲ ಚೆನ್ನಾಗಿ ಆಯಿತು. ಮೂರನೇ ಸಲ ವಿಂಚ್‌ಮನ್ ಅರ್ಧ ದಾರಿ ಇಳಿದಿದ್ದರು. ನನ್ನೊಳಗೆ ಏನೋ ಚಡಪಡಿಕೆ. ಎಲ್ಲಿದ್ದಾರೆ? ದೋಣಿಯ ಮೇಲೇ ಇದ್ದೀವಾ? ಬಲಗಡೆಯ ಗಾಜಿನಿಂದ ಒಂದೇ ಒಂದು ಕ್ಷಣ ಬಗ್ಗಿ ನೋಡಿದೆ. ದೋಣಿಯ ಹಿಂಭಾಗದ ಒಂದು ಚೂರು ಕಂಡಿತು. ಹೆಡ್‌ಸೆಟ್‌ನಲ್ಲಿ ದನಿ ನಡೆಯುತ್ತಲೇ ಇತ್ತು, "ನಿಲ್ಲು, ಚೆನ್ನಾಗಿದೆ, ನಿಲ್ಲು..." ಆಮೇಲೆ ಅದೇ ದನಿ, ಅದೇ ಲಯ, ಒಂದಿಷ್ಟೂ ಏರಿಲ್ಲ: "ಎಡಕ್ಕೆ ಎರಡು. ಕೆಳಗೆ ನೋಡಿದೆ ಅಲ್ವಾ. ಎಡಕ್ಕೆ ಒಂದು. ನಿಲ್ಲು."

ಅವರಿಗೆ ನನ್ನ ತಲೆ ಕಾಣುವ ಹಾಗೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಕೆಳಗೆ. ಇಳಿದ ಮೇಲೆ ಕೇಳಿದೆ, ಹೇಗೆ ಗೊತ್ತಾಯ್ತು? "ಪೈಲಟ್ ತಲೆ ಬಲಕ್ಕೆ ಹೋದ್ರೆ ಕೈ ಬಲಕ್ಕೆ ಹೋಗುತ್ತೆ. ಕೈ ಹೋದ್ರೆ ಹೆಲಿಕಾಪ್ಟರ್ ಹೋಗುತ್ತೆ. ಎಲ್ರೂ ನೋಡ್ತಾರೆ. ನೋಡ್ಬೇಡ." ಸ್ವಲ್ಪ ಹೊತ್ತು ಬಿಟ್ಟು, "ನೋಡೋದು ನನ್ ಕೆಲ್ಸ," ಅಂದರು. ಅವರ ದನಿಯಲ್ಲಿ ಬೇಜಾರಿತ್ತು. ಅವತ್ತು ನನಗೆ ನಾಚಿಕೆ ಆದದ್ದು ಜಾರಿದ್ದಕ್ಕೆ ಅಲ್ಲ. ಅವರ ಕಣ್ಣನ್ನು ನಾನು ನಂಬಿರಲಿಲ್ಲ, ಅದು ಅವರಿಗೆ ಯಂತ್ರದ ಮೂಲಕವೇ ಗೊತ್ತಾಗಿಬಿಟ್ಟಿತ್ತು.

ಆ ನಂಬಿಕೆ ಎರಡೂ ಕಡೆಯಿಂದ ಬೇಕು, ಅದೂ ಸಮವಾಗಿಲ್ಲ. ಸಾಮಾನ್ಯ ವಿಂಚಿನ ಕೇಬಲ್ ಸುಮಾರು 5 ಮಿಲಿಮೀಟರ್ ದಪ್ಪ. ಅದರ ಮೇಲೆ ಸುಮಾರು 270 ಕೆಜಿ ಭಾರ ಹಾಕಬಹುದು. ಅದನ್ನು ಕತ್ತರಿಸಿ ಬಿಡುವ ಸ್ವಿಚ್ ಆಪರೇಟರ್ ಕೈಗೂ ಸಿಗುತ್ತದೆ, ಪೈಲಟ್ ಕೈಗೂ ಸಿಗುತ್ತದೆ. ಕೇಬಲ್ ಹಡಗಿನ ಕಂಬಿಗೋ ಹಗ್ಗಕ್ಕೋ ಸಿಕ್ಕಿಕೊಂಡರೆ ಇಡೀ ಹೆಲಿಕಾಪ್ಟರ್ ಹೋಗುತ್ತದೆ, ಅದಕ್ಕೆ. ಇಳಿಯುವವರಿಗೂ ಆ ಸ್ವಿಚ್ ಇರುವುದು ಗೊತ್ತು. ಗೊತ್ತಿದ್ದೇ ಕೊಕ್ಕೆ ಹಾಕಿಕೊಂಡು, ಬಾಗಿಲ ಹೊರಗೆ ಕಾಲು ಬಿಟ್ಟು ಕೂತು, ಹೆಬ್ಬೆರಳು ಎತ್ತುತ್ತಾರೆ. ಮೊದಲ ಸಲ ನನಗೆ ಆ ಸ್ವಿಚ್ ತೋರಿಸಿದ ದಿನ ವಿಂಚ್‌ಮನ್ ಪಕ್ಕದಲ್ಲೇ ನಿಂತು ಏನೋ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಇತಿಹಾಸದಲ್ಲೂ ಇದು ಹೀಗೇ ಇದೆ. ವಿಂಚ್ ಬಳಸಿ ಹೆಲಿಕಾಪ್ಟರಿನಿಂದ ಜನರನ್ನು ಎತ್ತಿದ ಮೊದಲ ನಾಗರಿಕ ರಕ್ಷಣೆ ಅಂತ ಹೇಳುವುದು 1945ರ ನವೆಂಬರ್ 29ರ ಘಟನೆಯನ್ನು. ಅಮೆರಿಕದ ಕನೆಕ್ಟಿಕಟ್ ತೀರದಲ್ಲಿ ಪೆನ್‌ಫೀಲ್ಡ್ ದಿಬ್ಬದ ಹತ್ತಿರ ಬಿರುಗಾಳಿಗೆ ಸಿಕ್ಕಿದ ಒಂದು ದೋಣಿಯಿಂದ ಇಬ್ಬರನ್ನು ಸಿಕೋರ್ಸ್ಕಿ ಆರ್-5 ಎತ್ತಿತು. ಹಾರಿಸಿದವರು ಜಿಮ್ಮಿ ವೈನರ್, ಆ ಹೆಲಿಕಾಪ್ಟರ್ ಕಂಪನಿ ಕಟ್ಟಿದ ಇಗೋರ್ ಸಿಕೋರ್ಸ್ಕಿಯ ಸಂಬಂಧಿ. ವಿಂಚ್ ನೋಡಿಕೊಂಡವರು ಜ್ಯಾಕ್ಸನ್ ಬೀಗಲ್. ಮೊದಲ ದಿನದಿಂದಲೇ ಇದು ಇಬ್ಬರ ಕೆಲಸ. ಈ ಕತೆ ಹೇಳುವಾಗ ಹೆಚ್ಚಿನವರು ಪೈಲಟ್ ಹೆಸರು ಹೇಳಿ ನಿಲ್ಲಿಸಿಬಿಡುತ್ತಾರೆ.

ಹುಡುಕುವುದು

"ಹುಡುಕಾಟ ಮತ್ತು ರಕ್ಷಣೆ" ಅನ್ನುವ ಹೆಸರಿನಲ್ಲಿ ಮೊದಲು ಬರುವುದು ಹುಡುಕಾಟ, ಮತ್ತು ಅದು ಬೋರು. ಯಾರೂ ಅದರ ವಿಡಿಯೊ ಹಾಕುವುದಿಲ್ಲ. ಜಗತ್ತಿನಾದ್ಯಂತ ಇದಕ್ಕೊಂದು ಕೈಪಿಡಿ ಇದೆ, ವಿಶ್ವಸಂಸ್ಥೆಯ ವಿಮಾನಯಾನ ಮತ್ತು ಕಡಲಯಾನ ಸಂಸ್ಥೆಗಳು ಸೇರಿ ತಂದದ್ದು. ಅದರಲ್ಲಿ ಹುಡುಕುವ ಮಾದರಿಗಳಿವೆ. ಕಡೆಗೆ ಕಂಡ ಜಾಗ ಸರಿಯಾಗಿ ಗೊತ್ತಿದ್ದರೆ ಅಲ್ಲಿಂದ ಚೌಕ ಚೌಕವಾಗಿ ದೊಡ್ಡದಾಗುತ್ತಾ ಹೋಗುವುದು: ಒಂದು ಪಾಲು ನೇರ, ತಿರುಗಿ ಒಂದು, ತಿರುಗಿ ಎರಡು, ಎರಡು, ಮೂರು, ಮೂರು. ರಂಗೋಲಿ ಎಳೆದ ಹಾಗೆ. ತೊಂದರೆ ಏನಂದರೆ ನೀವು ಎಳೆಯುವ ನೆಲವೇ ಸರಿಯುತ್ತಿರುತ್ತದೆ. ಮನುಷ್ಯ ಪ್ರವಾಹದ ಜೊತೆ ಹೋಗುತ್ತಾನೆ. ಖಾಲಿ ತೆಪ್ಪ ಗಾಳಿಗೆ ಸಿಕ್ಕಿ ಬೇರೆ ಕಡೆ, ಇನ್ನೂ ಬೇಗ ಹೋಗುತ್ತದೆ. ಹಾಗಾಗಿ ತೆಪ್ಪ ಸಿಕ್ಕಿತು ಅಂತ ಮನುಷ್ಯ ಅಲ್ಲೇ ಇದ್ದಾನೆ ಅಂತಲ್ಲ.

ನೀರಿನಲ್ಲಿ ಕಾಣುವುದು ತಲೆ ಮಾತ್ರ, ಒಂದು ತೆಂಗಿನಕಾಯಿಯಷ್ಟು. ಅಲೆಯ ಹಿಂದೆ ಅರ್ಧ ಹೊತ್ತು ಅದೂ ಇಲ್ಲ. ರಾತ್ರಿ ಆದರೆ ನೈಟ್ ವಿಷನ್ ಕನ್ನಡಕ ಇರುತ್ತದೆ, ಆದರೆ ಅದರೊಳಗೆ ಸಿಗುವುದು ಸುಮಾರು 40 ಡಿಗ್ರಿಯಷ್ಟು ನೋಟ, ಎರಡು ಕೊಳವೆಯೊಳಗಿಂದ ಇಣುಕಿದ ಹಾಗೆ. ದೂರ ಹತ್ತಿರದ ಅಂದಾಜೂ ಸರಿಯಾಗಿ ಸಿಗುವುದಿಲ್ಲ. ತರಬೇತಿಯಲ್ಲಿ ಒಂದು ಬೊಂಬೆಯನ್ನು ನೀರಿಗೆ ಬಿಟ್ಟು ಹುಡುಕೋಕೆ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಒಂದೂಕಾಲು ಗಂಟೆ ಹುಡುಕಿದ್ದೆವು. ಆಮೇಲೆ ಗೊತ್ತಾಯಿತು, ನಾವು ಅದರ ಮೇಲೆಯೇ ಎರಡು ಸಲ ಹಾದುಹೋಗಿದ್ದೆವು.

ಇಬ್ಬರು ಆರಾಗುವುದು

ಆ ಹುಡುಗನಿಗೆ ಹೇಳಲೇಬೇಕಿದ್ದ ಇನ್ನೊಂದು ವಿಷಯ ವಾಪಸ್ ತಿರುಗುವುದು. ಇದನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ, ಯಾಕಂದರೆ ಈ ಕೆಲಸಕ್ಕೆ ಬರುವವರಿಗೆ ಅದು ಬರುವುದೇ ಇಲ್ಲ. ಸಿಮ್ಯುಲೇಟರಿನಲ್ಲಿ ನಮಗೆ ಒಂದು ಸಂದರ್ಭ ಕೊಟ್ಟರು. ಮುಳುಗುತ್ತಿರುವ ದೋಣಿ, ಇಬ್ಬರು ಜನ, ಹಾಳು ಹವೆ. ಹೊರಡುವ ಮೊದಲೇ ಲೆಕ್ಕ ಹಾಕಿದ್ದೆವು, ಇಂಧನ ಇಷ್ಟಕ್ಕೆ ಇಳಿದರೆ ಏನೇ ಆಗಲಿ ಹೊರಡಬೇಕು ಅಂತ. ಆ ಹೊತ್ತು ಬಂದಾಗ ಕೇಬಲ್ ಇನ್ನೇನು ದೋಣಿ ಮುಟ್ಟುವುದರಲ್ಲಿತ್ತು. ಕೋ-ಪೈಲಟ್ ಹೇಳಿದರು, ಇಂಧನ. ನಾನು ಅಂದೆ, ಒಂದು ನಿಮಿಷ. ಮತ್ತೆ ಹೇಳಿದರು. ಮತ್ತೆ ಒಂದು ನಿಮಿಷ ಅಂದೆ. ನಾಲ್ಕು ನಿಮಿಷ ಆದ ಮೇಲೆ ಇಬ್ಬರನ್ನೂ ಎತ್ತಿದೆವು. ನನಗೆ ಒಳಗೊಳಗೇ ಹೆಮ್ಮೆ. ವಾಪಸ್ ಬರುವಾಗ ಎದುರುಗಾಳಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ದಡ ಕಾಣುವ ಮೊದಲೇ ಇಂಜಿನ್ ನಿಂತವು. ಪರದೆ ಕಪ್ಪಾಯಿತು. ಹಿಂದಿನಿಂದ ಇನ್‌ಸ್ಟ್ರಕ್ಟರ್ ದನಿ: "ಮೊದಲು ನೀರಲ್ಲಿ ಇಬ್ಬರಿದ್ರು. ಈಗ ಎಷ್ಟು ಜನ?"

ಆರು. ನಾವು ನಾಲ್ವರು, ಅವರಿಬ್ಬರು.

ಏರ್ ಆಂಬುಲೆನ್ಸ್ ನಡೆಸುವ ಬಹಳಷ್ಟು ಕಡೆ ರೋಗಿ ಯಾರು, ವಯಸ್ಸೆಷ್ಟು, ಏನಾಗಿದೆ ಅಂತ ಪೈಲಟ್‌ಗೆ ಹೇಳುವುದೇ ಇಲ್ಲ. ಎಲ್ಲಿಂದ ಎಲ್ಲಿಗೆ, ಹವೆ ಹೇಗಿದೆ, ಹೋಗಬಹುದಾ ಇಲ್ಲವಾ. ಅಷ್ಟೇ. ಮಗು ಅಂತ ಕಿವಿಗೆ ಬಿದ್ದರೆ ಮೋಡ ಸ್ವಲ್ಪ ಮೇಲಿದೆ ಅಂತ ಕಾಣಿಸೋಕೆ ಶುರುವಾಗುತ್ತದೆ. ಮೊದಲು ಕೇಳಿದಾಗ ಇದು ಕಲ್ಲುಹೃದಯದ ಪದ್ಧತಿ ಅನಿಸಿತ್ತು. ಈಗ ನನಗೆ ಇದಕ್ಕಿಂತ ಕರುಣೆಯ ನಿಯಮ ಗೊತ್ತಿಲ್ಲ. ಸಮುದ್ರದಲ್ಲಿ ನಮಗೆ ಆ ಅನುಕೂಲ ಇಲ್ಲ. ರೇಡಿಯೊದಲ್ಲಿ ಅವರ ದನಿ ನೇರವಾಗಿ ಕೇಳಿಸುತ್ತದೆ.

1998ರಲ್ಲಿ ಸಿಡ್ನಿಯಿಂದ ಹೋಬಾರ್ಟ್‌ಗೆ ಹೊರಟ ಹಾಯಿದೋಣಿ ಸ್ಪರ್ಧೆ ಬಿರುಗಾಳಿಗೆ ಸಿಕ್ಕಿ 6 ಜನ ಸತ್ತರು, 55 ಜನರನ್ನು ಉಳಿಸಿದರು. ಅವರಲ್ಲಿ ಅನೇಕರು ಹೆಲಿಕಾಪ್ಟರಿನ ಕೇಬಲ್ ಹಿಡಿದು ಮೇಲೆ ಬಂದವರು. ನಮ್ಮ ತರಗತಿಯಲ್ಲಿ ಆ ಸಂಖ್ಯೆಗಳನ್ನು ಹೇಳಿದಾಗ ಎಲ್ಲರೂ 55ನ್ನು ಬರೆದುಕೊಂಡರು, ನಾನೂ. ಆ ಎತ್ತರದ ಅಲೆಗಳ ಮೇಲೆ ಇಂಧನದ ಮುಳ್ಳು ನೋಡುತ್ತಾ ಕೂತ ಪೈಲಟ್‌ಗಳ ಬಗ್ಗೆ ಯೋಚನೆ ಬಂದದ್ದು ಸಿಮ್ಯುಲೇಟರ್ ಕಪ್ಪಾದ ಮೇಲೆ.

ಮೊದಲ ಸಲ

ನನ್ನ ಮೊದಲ ನಿಜವಾದ ರಕ್ಷಣೆ ದೊಡ್ಡ ಕತೆ ಏನಲ್ಲ. ಸಂಜೆ, ಮಗುಚಿದ ಸಣ್ಣ ದೋಣಿ, ಒಬ್ಬನೇ ಮನುಷ್ಯ. ನಾನು ಬಲಗಡೆಯ ಸೀಟಿನಲ್ಲಿದ್ದೆ. ದೂರದಿಂದ ಅವನು ಒಂದು ಕಪ್ಪು ಚುಕ್ಕೆಯಾಗಿ ಕಂಡ. ಹತ್ತಿರ ಹೋದೆವು, ಅವನು ಕಾಲಡಿಗೆ ಸರಿದ, ಹೋದ. ಮುಂದೆ ಬರೀ ಬೂದು ನೀರು, ಬೂದು ಆಕಾಶ, ನಡುವೆ ಎಲ್ಲೋ ಒಂದು ಗೆರೆ. ನಾನು ಆ ಗೆರೆ ನೋಡುತ್ತಾ ಕೂತೆ. "ಮುಂದೆ ಹತ್ತು... ಎಂಟು..." ದನಿ ಬರುತ್ತಿತ್ತು, ಕೈ ಹೋಗುತ್ತಿತ್ತು. "ವಿಂಚ್‌ಮನ್ ನೀರಿನಲ್ಲಿ. ಹಿಡಿದಿದ್ದಾರೆ. ನಿಲ್ಲು. ಎತ್ತುವ ಪಟ್ಟಿ ಹಾಕುತ್ತಿದ್ದಾರೆ. ನಿಲ್ಲು, ಚೆನ್ನಾಗಿದೆ. ಎತ್ತುತ್ತಿದ್ದೇನೆ. ಇಬ್ಬರೂ ನೀರಿನ ಮೇಲೆ. ಅರ್ಧ ದಾರಿ. ಬಾಗಿಲಲ್ಲಿ. ಒಳಗೆ." ಆಮೇಲೆ ಬಾಗಿಲು ಮುಚ್ಚಿದ ಶಬ್ದ. "ಹೊರಡಬಹುದು."

ಮೂತಿ ತಗ್ಗಿಸಿ ಹೊರಟ ಮೇಲೆ ಕಂಟ್ರೋಲ್ ಕೋ-ಪೈಲಟ್‌ಗೆ ಕೊಟ್ಟು ಮೊದಲ ಸಲ ಹಿಂದೆ ತಿರುಗಿದೆ. ನನ್ನವರಿಬ್ಬರೂ ಅವನ ಮೇಲೆ ಬಗ್ಗಿಕೊಂಡಿದ್ದರು. ಮುಖ ಕಾಣಲಿಲ್ಲ. ಕಂಬಳಿಯ ತುದಿಯಿಂದ ಎರಡು ಪಾದ ಹೊರಗಿದ್ದವು. ಒಂದಕ್ಕೆ ಒದ್ದೆಯಾದ ನೀಲಿ ಕಾಲುಚೀಲ ಇತ್ತು. ಇನ್ನೊಂದಕ್ಕೆ ಇರಲಿಲ್ಲ.